ಅಂಕಮ್ಮನ ಪಾಳಿ

ಸಂಕ್ರಾಂತಿ ಕಳೆದು ಎರಡು ವಾರವಾಗಿತ್ತು. ಭಾನುವಾರ, ಬೆಳಗಿನ ಆರು ಗಂಟೆಯ ಹೊತ್ತು. ಊರಾಗಿದ್ದರೆ ಕೆರೆ ಏರಿಯ ಮೇಲೆ ಮಂಜು ಕೂತಿರುವ ಸಮಯ. ಹಡಗಿನ ಕೋಣೆಯಲ್ಲಿ ಮಂಜಿರಲಿಲ್ಲ, ಗೋಡೆಯ ಸಂದಿನಿಂದ ಇಳಿಯುವ ಯಂತ್ರದ ಚಳಿ ಮಾತ್ರ ಇತ್ತು. ಚಿಕ್ಕಬೋರಯ್ಯನಿಗೆ ಎಚ್ಚರವಾದದ್ದು ನೀರಿನ ಸದ್ದಿಗೆ. ಬಚ್ಚಲಿನ ನಲ್ಲಿಯನ್ನು ಯಾರೋ ಪೂರ್ತಿ ತಿರುಗಿಸಿರಲಿಲ್ಲ. ಯಾರೋ ಏನು, ಕೋಣೆಯಲ್ಲಿದ್ದವರು ಇಬ್ಬರೇ: ತಾನು, ಮತ್ತು ಪಕ್ಕದ ಮಂಚದಲ್ಲಿ ಬಾಯಿ ತೆರೆದು ಮಲಗಿದ್ದ ಶಿವರಾಜು ಗೌಡರು. ಎದ್ದು ಹೋಗಿ ನಲ್ಲಿ ಬಿಗಿ ಮಾಡಿದ. ಮೂವತ್ತೊಂದು ವರ್ಷ ಊರ ಕೆರೆಗೆ ನೀರುಗಂಟಿಯಾಗಿದ್ದವನ ಕೈ ಅದು. ತೂಬು ಎತ್ತುವುದು, ಮುಚ್ಚುವುದು, ಇಂಥವರ ಗದ್ದೆಗೆ ಇಷ್ಟು ಹೊತ್ತು ಎಂದು ಪಾಳಿಯ ಪ್ರಕಾರ ನೀರು ತಿರುಗಿಸುವುದು, ಹೊತ್ತು ಮುಗಿದರೆ ಎಂಥ ದೊಡ್ಡವನ ಗದ್ದೆಯಾದರೂ ಕಾಲುವೆಯ ಬಾಯಿ ಕಟ್ಟುವುದು, ಇಷ್ಟೇ ಅವನ ಕಸುಬು. ನಿದ್ದೆಯಲ್ಲೂ ಹರಿಯುವ ನೀರು ಕೇಳಿದರೆ ಇದು ಯಾರ ಪಾಳಿ ಎಂದು ಮೊದಲು ಕೇಳಿಕೊಳ್ಳುವ ಮನಸ್ಸು. ಗಾಜಿನಾಚೆ ನೋಡಿದ. ಕಣ್ಣು ಹೋಗುವಷ್ಟು ದೂರವೂ ನೀರು, ಒಬ್ಬನ ಪಾಳಿಯೂ ಅಲ್ಲದ ನೀರು. ಮೊನ್ನೆ ಸಂಜೆ ಕೊಚ್ಚಿಯಲ್ಲಿ ಹಡಗು ಹತ್ತಿದಾಗಿನಿಂದ ಅವನಿಗೆ ಒಂದು ಬಗೆಯ ಗಾಬರಿ ಇದ್ದದ್ದು ಇದಕ್ಕೇ. ಮುಳುಗುತ್ತೇನೆಂಬ ಗಾಬರಿಯಲ್ಲ. ಇಷ್ಟು ನೀರಿಗೆ ಒಬ್ಬ ಕಾವಲಿನವನೂ ಇಲ್ಲವಲ್ಲ ಎಂಬುದು.

ಗೌಡರ ಮಗ ರಘುನಂದನನಿಗೆ ಮದ್ದೂರಿನಲ್ಲಿ ಗೊಬ್ಬರದ ಅಂಗಡಿ. ಈ ಸಲ ಮಾರಾಟ ಜಾಸ್ತಿಯಾಯಿತೆಂದು ಗೊಬ್ಬರದ ಕಂಪನಿಯವರು ಹಡಗಿನ ಪ್ರವಾಸ ಕೊಟ್ಟಿದ್ದರು: ಕೊಚ್ಚಿಯಿಂದ ಒಂದು ದ್ವೀಪ, ಅಲ್ಲಿಂದ ಗೋವೆ, ಕೊನೆಗೆ ಮುಂಬಯಿ. ರಘುನಂದನ, ಅವನ ಹೆಂಡತಿ ರೂಪ, ಮಗಳು ದೀಪಿಕ ಒಂದು ಕೋಣೆ. ಇನ್ನೊಂದು ಕೋಣೆಯಲ್ಲಿ ಗೌಡರು. ಅವರಿಗೆ ಮಂಡಿ ಆಪರೇಷನ್ ಆಗಿ ಐದು ತಿಂಗಳು, ಒಬ್ಬರೇ ಬಚ್ಚಲಿಗೆ ಹೋಗಲಾರರು. ಜೊತೆಗೊಂದು ಜನ ಬೇಕೆಂದಾಗ ಗೌಡರು ಚಿಕ್ಕಬೋರಯ್ಯನ ಹೆಸರು ಹೇಳಿದರಂತೆ. ಯಾಕೆ ಹೇಳಿದರು, ಅದು ಅವನಿಗೆ ತಿಳಿಯದು. ಸಣ್ಣವರಾಗಿದ್ದಾಗ ಇಬ್ಬರೂ ಒಂದೇ ಕೆರೆಗೆ ದುಮುಕಿದವರು, ನಿಜ. ಈಜು ಮುಗಿಸಿ ಮನೆ ಕಡೆ ಬಂದರೆ ಒಬ್ಬ ಒಳಗೆ, ಒಬ್ಬ ಜಗುಲಿಯ ಕೆಳಗೆ; ಗೌಡರ ತಾಯಿ ಎತ್ತರದಿಂದ ಸುರಿದ ನೀರನ್ನು ಇವನು ಬೊಗಸೆಯಲ್ಲಿ ಕುಡಿಯುತ್ತಿದ್ದ. ಈಗ ಎರಡು ಮಂಚದ ನಡುವೆ ಒಂದೇ ಬಾಟಲಿ. ನಿನ್ನೆ ಬೆಳಗ್ಗೆ ಇವನು ಕುಡಿದಿಟ್ಟ ಬಾಟಲಿಯನ್ನೇ ಗೌಡರು ಎತ್ತಿ ಗಟಗಟ ಕುಡಿದು, ಮುಚ್ಚಳ ಹಾಕದೆ ಅವನ ಕೈಗೆ ಕೊಟ್ಟಿದ್ದರು. ಕುಡಿದದ್ದು ಗೆಳೆತನವೋ, ಮುಚ್ಚಳ ಹಾಕಲು ಕೊಟ್ಟದ್ದು ಯಜಮಾನಿಕೆಯೋ ಎಂದು ಅವನು ನಿನ್ನೆಯೆಲ್ಲ ತೂಗಿ ನೋಡಿದ್ದ.

ಹೊರಡುವ ಹಿಂದಿನ ದಿನ ಅವನ ಮಗ ಸಿದ್ದರಾಮು ಅದನ್ನೇ ಅಂದಿದ್ದ. ಸಿದ್ದರಾಮು ಮಳವಳ್ಳಿಯಲ್ಲಿ ಸರ್ಕಾರಿ ಕೆಲಸದಲ್ಲಿರುವವನು, ಮಾತು ನೆಟ್ಟಗೆ. "ಚೊಂಬು ಇಡಿಯಕ್ಕೆ ಸಮುದ್ರದ್ ಗಂಟ ಓಗ್ಬೇಕಾ ಅಪ್ಪ? ಊರಲ್ಲೇ ಇಡ್ದಿದ್ರಾಯ್ತಿತ್ತಲ್ಲ."

"ಗೌಡ್ರು ಕರುದ್ರು ಕಣ್ಲಾ."

"ಕರೀತಾರೆ. ನಾನು ಕರುದ್ರೆ ಮೈಸೂರ್ಗೂ ಬರಲ್ಲ ನೀನು."

ಹೆಂಡತಿ ಚಿಕ್ಕನಂಜಮ್ಮ ಅಡಿಗೆ ಮನೆಯಿಂದಲೇ, "ಓಗ್ಬುಟ್ ಬರ್ಲಿ ಬುಡು. ಊರಲ್ಲಿದ್ರೂ ದಿನಾ ಆ ಒಣ ಕೆರೆ ಏರಿ ಮೇಲೇ ತಾನೆ ಕೂರೋದು," ಎಂದಿದ್ದಳು.

ದ್ವೀಪಕ್ಕೆ ಇಳಿಯಲು ಠಾಣೆಯ ಕಾಗದ ಬೇಕಿತ್ತು. ಹಲಗೂರಿನ ಠಾಣೆಯಲ್ಲಿ ಬೆಂಚಿನ ಮೇಲೆ ಅರ್ಧ ದಿನ ಕೂತ ಮೇಲೆ, ಬರೆದುಕೊಳ್ಳುವವನು ತಲೆ ಎತ್ತದೆ, "ನಿಮ್ಮ ಮೇಲೆ ದೂರು ಗೀರು ಏನಾದ್ರೂ ಇದ್ಯಾ ಅಜ್ಜ?" ಎಂದು ಕೇಳಿದ. ಇಲ್ಲ ಎನ್ನಲು ಒಂದು ಗಳಿಗೆ ತಡವಾಯಿತು. ಅವನು ತಲೆ ಎತ್ತಿ ನೋಡಿದ. "ಇಷ್ಟಕ್ಕೆಲ್ಲಾ ಯಾಕಜ್ಜ ಯೋಚ್ನೆ ಮಾಡ್ತೀಯ?" ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಚಿಕ್ಕಬೋರಯ್ಯನೂ ನಕ್ಕ. ದೂರು ಯಾವ ಠಾಣೆಯಲ್ಲೂ ಇರಲಿಲ್ಲ, ಇದ್ದದ್ದು ಅವನ ಹೊಟ್ಟೆಯಲ್ಲಿ, ಮೂವತ್ತೆಂಟು ವರ್ಷದಿಂದ. ಒಬ್ಬ ಮನುಷ್ಯನ ಮೇಲೆ, ಕಾಣದ್ದನ್ನು ಕಂಡೆನೆಂದು ಊರ ಮುಂದೆ ಹೇಳಿದ್ದ. ಆ ಮನುಷ್ಯ ಈಗ ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದರು. ಈ ಐದು ದಿನದಲ್ಲಿ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾಗುವುದಿಲ್ಲ ಎಂದು ಅವನು ಒಪ್ಪಿಕೊಂಡೇ ಬಂದದ್ದು. ಊರಲ್ಲಿ ಗೌಡರು ಒಬ್ಬರೇ ಸಿಕ್ಕುವುದಿಲ್ಲ. ಇಬ್ಬರಿಗೂ ಎಪ್ಪತ್ನಾಲ್ಕು.

ತಿಂಡಿಗೆ ಮೇಲಿನ ಅಂತಸ್ತಿಗೆ ಹೋಗಬೇಕು. ಗೌಡರನ್ನು ಎಬ್ಬಿಸಿ, ಮಂಡಿಗೆ ಎಣ್ಣೆ ಸವರಿ, ಪಂಚೆ ಉಡಿಸಿ, ತೋಳು ಹಿಡಿದು ನಡೆಸಿಕೊಂಡು ಬಂದ. ಊಟದ ಹಜಾರ ಮದುವೆ ಛತ್ರದಷ್ಟು ಅಗಲ. ಎಲ್ಲರೂ ತಟ್ಟೆ ಹಿಡಿದು ತಮಗೆ ಬೇಕಾದ್ದನ್ನು ತಾವೇ ಹಾಕಿಕೊಳ್ಳುತ್ತಾರೆ. ಬಾಗಿಲಲ್ಲಿ ಕುತ್ತಿಗೆಯ ಕಾರ್ಡು ನೋಡುವ ಹುಡುಗಿ ಇವನ ಕಡೆ ಕೈ ತೋರಿಸಿ ರಘುನಂದನನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ರಘುನಂದನ ಫೋನು ನೋಡುತ್ತಲೇ, "ಹೆಲ್ಪರ್, ಹೆಲ್ಪರ್," ಎಂದ. ಓದು ಮೂರನೇ ಕ್ಲಾಸಿಗೆ ಬಿಟ್ಟಿದ್ದರೂ ಆ ಮಾತು ಚಿಕ್ಕಬೋರಯ್ಯನಿಗೆ ಗೊತ್ತಿತ್ತು. ಗಾರೆಯವನಿಗೆ ಹೆಲ್ಪರ್, ಲೈನ್‌ಮ್ಯಾನಿಗೆ ಹೆಲ್ಪರ್. ಗೌಡರಿಗೆ ಕೇಳಿಸಿತೇ ಎಂದು ಓರೆಗಣ್ಣಿನಲ್ಲಿ ನೋಡಿದ. ಅವರು ಇಡ್ಲಿ ಎಲ್ಲಿದೆ ಎಂದು ಹುಡುಕುತ್ತಿದ್ದರು. ಅವಮಾನ ಅಂತಲ್ಲ, ರಘು ಕೆಟ್ಟವನೂ ಅಲ್ಲ, ಬೋರಣ್ಣ ಬೋರಣ್ಣ ಎಂದು ಬಾಯಿ ತುಂಬ ಕರೆಯುವವನು. ಆದರೂ ತಟ್ಟೆಗೆ ಎರಡನೇ ಇಡ್ಲಿ ಹಾಕಿಕೊಳ್ಳಲು ಕೈ ಬರಲಿಲ್ಲ. ದೀಪಿಕ ಪಕ್ಕಕ್ಕೆ ಬಂದು, "ಬೋರಯ್ಯ ತಾತ, ಅಷ್ಟೇನಾ? ಇವತ್ತೇನು ಉಪವಾಸಾನಾ?" ಎಂದು ನಕ್ಕು ಅವನ ತಟ್ಟೆಗೆ ತಾನೇ ಹಾಕಿದಳು. ಹಾಕಿದ್ದನ್ನು ತಿಂದ. ರುಚಿ ತಿಳಿಯಲಿಲ್ಲ. ಆವತ್ತು ತಾನು ದೂರು ಹೇಳಿದಾಗ ಊರ ಮುಂದೆ ಗೌಡರೂ ಹೀಗೇ ಬಾಯಿ ಮುಚ್ಚಿ ನಿಂತಿದ್ದರಲ್ಲ.

ದ್ವೀಪದ ದಡಕ್ಕೆ ಹಡಗು ಹೋಗುವುದಿಲ್ಲ, ದೂರದಲ್ಲೇ ನಿಂತು ಚಿಕ್ಕ ದೋಣಿಗಳಿಗೆ ಜನರನ್ನು ಇಳಿಸುತ್ತಾರೆ. ದೋಣಿ ಅಲೆಯ ಮೇಲೆ ಏರುತ್ತ ಇಳಿಯುತ್ತ ಇತ್ತು. ಹಡಗಿನವರು ಇಬ್ಬರು ಗೌಡರ ಕಂಕುಳಿಗೆ ಕೈ ಹಾಕಲು ಬಂದರೆ ಗೌಡರು, "ಮುಟ್ಬ್ಯಾಡ್ರಿ, ಬೋರ ಇಡ್ಕತಾನೆ," ಎಂದು ಗದರಿದರು. ಇವನು ಹಿಡಿದ. ದೋಣಿ ಮೇಲೇಳುವ ಗಳಿಗೆಯನ್ನು ಕಾದು, "ಈಗ ಗೌಡ್ರೆ," ಎಂದ. ಗೌಡರು ಕಣ್ಣು ಮುಚ್ಚಿಕೊಂಡು ಕಾಲಿಟ್ಟರು. ಪೂರ್ತಿ ಭಾರ ಇವನ ಹೆಗಲ ಮೇಲೆ ಬಂತು. ಇಷ್ಟು ನಂಬಿಕೆ ಯಾಕಿಡುತ್ತಾರೆ ಈ ಮುದುಕರು ಎಂದು ಚಿಕ್ಕಬೋರಯ್ಯನಿಗೆ ಸಿಟ್ಟು ಬಂತು.

ಮಧ್ಯಾಹ್ನದ ಹೊತ್ತಿಗೆ ರಘು, ರೂಪ, ದೀಪಿಕ ಗಾಜಿನ ತಳದ ದೋಣಿಯಲ್ಲಿ ಮೀನು ನೋಡಲು ಹೋದರು. ಮುದುಕರಿಬ್ಬರೂ ತೆಂಗಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಮರಳು ಸುಣ್ಣದಂತೆ ಬೆಳ್ಳಗೆ, ನೀರು ನವಿಲುಗರಿಯ ನೀಲಿ. ಗೌಡರು ಎಳನೀರು ಕುಡಿದು, "ಮದ್ದೂರ್ ಎಳ್ನೀರ್ ಮುಂದೆ ಇದೇನಲ್ಲ ಬುಡು," ಎಂದರು. ಚಿಕ್ಕಬೋರಯ್ಯ ತನ್ನ ಕಾಲ ಬಳಿಯ ಮರಳನ್ನು ನೋಡುತ್ತಿದ್ದ. ಉಗುರಿನಷ್ಟು ಸಣ್ಣ ಬಿಳಿ ಏಡಿಯೊಂದು ಬಿಲ ತೋಡುತ್ತಿತ್ತು. ಒಳಗೆ ಹೋಗುತ್ತದೆ, ಮರಳು ಹೊತ್ತು ಬರುತ್ತದೆ, ಎಸೆಯುತ್ತದೆ, ಮತ್ತೆ ಹೋಗುತ್ತದೆ. ಗದ್ದೆ ಬದುವಿನ ಏಡಿ ಕಪ್ಪು, ಇಷ್ಟು ಚುರುಕಲ್ಲ. ಮೂವತ್ತೆಂಟು ವರ್ಷದ ಹಿಂದಿನ ಆ ಬೆಳಗ್ಗೆ ಅವನು ತೂಬಿನ ಕಲ್ಲಿನ ಮೇಲೆ ಎಚ್ಚರವಾಗಿ ಕೂತಿರಬೇಕಿತ್ತು. ಬೇಸಿಗೆ ಬೆಳೆ, ಕೆರೆಯಲ್ಲಿ ನೀರು ತಳ ಕಂಡಿತ್ತು, ಒಬ್ಬೊಬ್ಬರಿಗೆ ಅಳೆದು ಬಿಡುವ ದಿನಗಳು. ಕೋಳಿ ಕೂಗುವ ಹೊತ್ತಿನಿಂದ ಬಿಸಿಲು ಏರುವವರೆಗೆ ಅಂಕಮ್ಮನ ಪಾಳಿ. ಅಂಕಮ್ಮ ಗಂಡ ಸತ್ತವಳು, ಅರ್ಧ ಎಕರೆ, ಪೈರು ನಾಟಿ ಹಾಕಿ ವಾರವಾಗಿತ್ತು. ಹಿಂದಿನ ದಿನ ಇವನು ಪಕ್ಕದ ಊರಿನ ಬೀಗರ ಊಟಕ್ಕೆ ಹೋಗಿ, ಬಾಡು ಮುದ್ದೆ ಗಂಟಲ ತನಕ ಉಂಡು ಬಂದಿದ್ದ. ಕಾಲುವೆ ತಿರುಗಿಸಿ ಕಲ್ಲಿಗೆ ಒರಗಿದ್ದಷ್ಟೇ ಗೊತ್ತು. ಎದ್ದಾಗ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಅಂಕಮ್ಮನ ಗದ್ದೆ ಬಾಯಿ ಬಿಟ್ಟುಕೊಂಡಿತ್ತು, ಪಕ್ಕದ ಶಿವರಾಜು ಗೌಡರ ಗದ್ದೆ ತುಂಬಿ ತುಳುಕುತ್ತಿತ್ತು. ನಡುವಿನ ಬದು ಒಡೆದು ಹೋಗಿತ್ತು, ಒಡೆದ ಜಾಗದ ಎರಡೂ ಕಡೆ ಏಡಿ ಬಿಲಗಳು.

ಅರಳಿ ಕಟ್ಟೆಯಲ್ಲಿ ಊರು ಸೇರಿತು. ಯಜಮಾನರು ಕೇಳಿದರು, ಬೋರ, ನೀನು ಎಲ್ಲಿದ್ದೆ. ಮಲಗಿದ್ದೆ ಎಂದರೆ ನೀರುಗಂಟಿಕೆ ಹೋಗುತ್ತದೆ, ಅದು ಅವನ ಅಪ್ಪ ತಾತ ಮಾಡಿದ್ದು. ಅಲ್ಲೇ ಇದ್ದೆ ಎಂದ. ಏನು ಕಂಡೆ? ಬಾಯಿ ತಾನೇ ಮಾತಾಡಿತು. "ಗೌಡ್ರು ಬದ ಕಡುದ್ರು. ಕಣ್ಣಾರೆ ಕಂಡೆ." ಶಿವರಾಜು ಗೌಡರಿಗೆ ಆಗ ಮೂವತ್ತಾರು, ಕುಡಿಮೀಸೆ, ಊರಲ್ಲಿ ಯಾರಿಗೂ ಜಗ್ಗದ ಆಳು. ಅಲ್ಲ ಎನ್ನುತ್ತಾರೆ, ಹೊಡೆಯಲು ಬರುತ್ತಾರೆ ಎಂದು ಇವನು ಮೈ ಬಿಗಿ ಹಿಡಿದು ನಿಂತಿದ್ದ. ಅವರು ಇವನ ಮುಖವನ್ನೇ ಒಂದು ಸಲ ನೋಡಿ ತಲೆ ತಗ್ಗಿಸಿದರು. ಅಷ್ಟೇ. ಅವರ ಮುಂದಿನ ಎರಡು ಪಾಳಿಯ ನೀರು ಅಂಕಮ್ಮನಿಗೆ ಎಂದು ತೀರ್ಮಾನವಾಯಿತು. ನೀರು ಕದ್ದವನಿಗೆ ಆ ಊರಲ್ಲಿ ಇನ್ನೊಂದು ಶಿಕ್ಷೆಯಿತ್ತು: ಅವನ ಗುದ್ದಲಿಯನ್ನು ಕಟ್ಟೆಯ ಮರಕ್ಕೆ ನೇತು ಹಾಕುವುದು, ಕುಯ್ಲಿನವರೆಗೆ. ನೂರು ದಿನ ಗೌಡರ ಗುದ್ದಲಿ ಅಲ್ಲಿ ತೂಗಿತು. ದನ ಹೊಡೆದುಕೊಂಡು ಹೋಗುವ ಮಕ್ಕಳು ಕಲ್ಲು ಹೊಡೆದು ಟಣ್ ಅನ್ನಿಸುತ್ತಿದ್ದರು. ಆ ಸದ್ದು ಕೆರೆ ಏರಿಗೂ ಕೇಳುತ್ತಿತ್ತು. ಏಡಿ ಮಾಡಿದ ತಪ್ಪಿಗೆ, ತಾನು ಮಲಗಿದ ತಪ್ಪಿಗೆ. ಆಮೇಲೆ ಗೌಡರು ಯಾವ ಪಂಚಾಯ್ತಿಯಲ್ಲೂ ಬಾಯಿ ಬಿಟ್ಟಿದ್ದನ್ನು ಅವನು ಕಾಣಲಿಲ್ಲ.

"ಗೌಡ್ರೆ," ಎಂದ.

"ಊಂ."

"ಆವತ್ತು ನಾನು ಏನೂ ಕಂಡಿರ್ನಿಲ್ಲ."

"ಯಾವತ್ತು?"

"ಅಂಕಮ್ಮನ ಪಾಳಿ ದಿನ."

ಗೌಡರು ಎಳನೀರಿನ ಬುರುಡೆಯನ್ನು ನಿಧಾನವಾಗಿ ಮರಳಿನ ಮೇಲಿಟ್ಟರು. ಚಿಕ್ಕಬೋರಯ್ಯ ಅವರ ಮುಖ ನೋಡಲಿಲ್ಲ. ನೀರನ್ನು ನೋಡುತ್ತ, ತಡೆಯದೆ ಹೇಳಿದ. "ಬೀಗರೂಟ ಉಂಡು ಮನೀಕಂಬುಟ್ಟಿದ್ದೆ. ಎದ್ದು ನೋಡುದ್ರೆ ಬದ ಒಡ್ದೋಗಿತ್ತು. ಏಡಿ ತೋಡಿದ್ದು ಗೌಡ್ರೆ, ಬಿಲ ಇದ್ವು. ನಾನು ಮನಗಿದ್ದು ಗೊತ್ತಾದ್ರೆ ನೀರುಗಂಟಿಕೆ ಓಯ್ತದೆ ಅಂತ ನಿಮ್ ತಲೆಗೆ ಕಟ್ಬುಟ್ಟೆ. ಇಷ್ಟೇ. ಈಗ ನೀವು ಬೈದ್ರೂ ಸರಿ, ಒಡುದ್ರೂ ಸರಿ."

ದೂರದಲ್ಲಿ ಯಾವುದೋ ದೋಣಿಯಲ್ಲಿ ಹೆಂಗಸರು ಕಿರುಚಿ ನಕ್ಕರು.

"ಕಂಡಿರ್ನಿಲ್ವಾ ನೀನು?"

"ಇಲ್ಲ."

"ನನ್ ಮಕ ನೋಡ್ ಯೋಳು."

ನೋಡಿದ. "ಇಲ್ಲ ಗೌಡ್ರೆ."

"ಥೂ ನಿನ್ನ ಮನೆ ಆಳಾಗೋಗ," ಎಂದರು ಗೌಡರು. ಅವರ ದನಿಯಲ್ಲಿ ಸಿಟ್ಟಿಗಿಂತ ಏನನ್ನೋ ಕಳೆದುಕೊಂಡವರ ಪೆಚ್ಚುತನವಿತ್ತು. "ಏಡಿಯಂತೆ ಏಡಿ. ನಾನೇ ಕಣ್ಲಾ ಕಡ್ದಿದ್ದು. ಗುದ್ಲಿ ತಕಂಡು ನಸುಕಲ್ಲೇ ಓಗಿದ್ದೆ. ನೀರು ಬೀಳೋ ಸದ್ದು ಆಗ್ದಿರ್ಲಿ ಅಂತ ಒಂಗೆ ಸೊಪ್ಪು ಮುರ್ದು ಬಾಯಿಗೆ ಆಸಿದ್ದೆ."

ಹೊಂಗೆ ಸೊಪ್ಪು. ಒಡೆದ ಬದುವಿನ ಬಾಯಲ್ಲಿ, ಹಸಿ ಹಸಿ ಕೊಂಬೆ. ಅವನು ಅದನ್ನು ಕಂಡಿದ್ದ. ಗೊಬ್ಬರಕ್ಕೆ ತುಳಿದ ಸೊಪ್ಪು ನೀರಲ್ಲಿ ತೇಲಿ ಬಂದಿದೆ ಎಂದುಕೊಂಡು ಕಾಲಲ್ಲಿ ಸರಿಸಿದ್ದ. ಆ ಎಲೆಗಳ ಹೊಳಪು ಸಹ ಈಗ ಕಣ್ಣಿಗೆ ಬಂತು. ಹಾಗಾದರೆ ತಾನು ಹೇಳಿದ ಸುಳ್ಳು ಸುಳ್ಳಾಗಿರಲಿಲ್ಲ. ಮೂವತ್ತೆಂಟು ವರ್ಷ ಹೊತ್ತದ್ದು ಏನನ್ನು? ಎದೆಯೊಳಗಿಂದ ಯಾವುದೋ ಬೆಣೆ ಎತ್ತಿದಂತಾಗಿ ಉಸಿರು ಸಲೀಸಾಗಿ ಹೊರಗೆ ಹೋಯಿತು. ಮತ್ತೆ ಒಳಗೆ ಬಂತು. ಅಷ್ಟು ಸುಲಭವಾಗಿ ಉಸಿರಾಡಬಹುದೆಂದು ಅವನಿಗೆ ಮರೆತೇ ಹೋಗಿತ್ತು. ನಗು ಬರುತ್ತಿತ್ತು, ತಡೆದುಕೊಂಡ.

ಗೌಡರು ಮಾತ್ರ ನಗಲಿಲ್ಲ. "ನಾನು ತಲೆ ತಗ್ಸಿದ್ದು ಯಾಕೆ ಅಂದ್ಕಂಡೆ? ನೀನು ಕಂಡೆ ಅಂತ. ಊರಲ್ಲಿ ಎಲ್ರೂ ನಮ್ಮಪ್ಪನ್ ಮಕ ನೋಡ್ಕಂಡು ಮಾತಾಡೋರು. ಇವ್ನೊಬ್ಬ, ಗೌಡನ ಮಗ ಅಂತ ನೋಡ್ದೆ ಕಂಡದ್ದ ಕಂಡಂಗೆ ಯೋಳ್ಬುಟ್ನಲ್ಲ ಅಂತ. ಮೊದ್ಲು ನಿನ್ನ ಕೊಂದಾಕ್ಬೇಕು ಅನ್ಸಿತ್ತು. ಆಮೇಲೆ ಅದೇ ಒಂಥರಾ ಮರ್ವಾದೆ ಆಗೋಯ್ತು ಕಣ್ಲಾ. ರಘು ಯಾರ್ನಾದ್ರೂ ಕೆಲ್ಸದೋರ್ನ ಕಳುಸ್ತೀನಿ ಅಂದ. ಬ್ಯಾಡ, ಬೋರ ಬರ್ಲಿ, ಅವ್ನು ನಿಜದ ಮನ್ಸ ಅಂದೆ. ಈಗ ನೋಡುದ್ರೆ ನೀನೂ ನನ್ನಂಗೇ ಕಳ್ಳ."

ಗೌಡರು ತನ್ನನ್ನು ಕರೆದದ್ದು ಚೊಂಬು ಹಿಡಿಯಲು ಅಲ್ಲ ಎಂದು ಚಿಕ್ಕಬೋರಯ್ಯನಿಗೆ ತಿಳಿದ ಗಳಿಗೆಯಲ್ಲೇ, ಕರೆದ ಕಾರಣವೂ ಕೈ ಬಿಟ್ಟು ಹೋಗಿತ್ತು. ಆದರೂ ಹಗುರವಾಗಿತ್ತು ಮೈ, ಜ್ವರ ಬಿಟ್ಟ ಬೆಳಗಿನಂತೆ. ಸ್ವಲ್ಪ ಹೊತ್ತಿಗೆ ಗೌಡರೇ, "ಅಂಕಮ್ಮ ತೀರ್ಕಂಡು ಎಷ್ಟು ವರ್ಸ ಆಯ್ತು?" ಎಂದರು.

"ಅನ್ನೊಂದು."

"ಅವ್ಳ ಪೈರು ಏನಾಯ್ತು ಆ ಸಲ? ನಾನು ಆ ಕಡೆ ತಲೇನೇ ಆಕ್ಲಿಲ್ಲ."

"ನಿಮ್ಮ ಎರಡು ಪಾಳಿ ನೀರು ಬಂತಲ್ಲ, ಊರಿಗೇ ಮೇಲಾಗಿ ಬೆಳೀತು. ಅರ್ಧ ಎಕ್ರೆಗೆ ಅನ್ನೆರಡು ಮೂಟೆ. ಬೋರಣ್ಣ, ವರ್ಸಾ ವರ್ಸಾ ಇಂಗೇ ಯಾರಾದ್ರೂ ಕದೀಬಾರ್ದಾ ಅಂದ್ಲು ನಂಗೆ."

ಗೌಡರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು, ಕೊನೆಗೆ ಬಾಯಿ ತೆರೆಯಿತು. ಇಬ್ಬರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಮೀನು ನೋಡಿ ಬಂದ ರೂಪ ದೂರದಿಂದ ನಿಂತು, "ಏನಾಯ್ತು ಮಾವ?" ಎಂದು ಗಾಬರಿಯಾಗಿ ಕೇಳಿದಳು. "ಏನಿಲ್ಲ ಕಣಮ್ಮ, ಇವ್ನು ಒಂದು ಏಡಿ ಕಥೆ ಯೋಳ್ದ," ಎಂದರು ಗೌಡರು.

ನಗು ಅಲ್ಲಿಗೆ ಮುಗಿಯಿತು. ಸಂಜೆ ಕೋಣೆಯಲ್ಲಿ ಗೌಡರು ಗೋಡೆ ಕಡೆ ತಿರುಗಿ ಮಲಗಿದರು. ಇವನು ಎಣ್ಣೆ ಬಟ್ಟಲು ತಂದಾಗ, "ಇವತ್ತು ಬ್ಯಾಡ," ಎಂದರು. ಅದು ಮುನಿಸೇ. ಮೂವತ್ತೆಂಟು ವರ್ಷ ಎದೆಯಲ್ಲಿಟ್ಟುಕೊಂಡ ನಿಜದ ಮನುಷ್ಯನೊಬ್ಬನನ್ನು ಅವರು ಇವತ್ತು ಮಣ್ಣು ಮಾಡಿ ಬಂದಿದ್ದರು. ಅದಕ್ಕೆ ಸೂತಕ ಇರಬೇಕಾದ್ದೇ. ಚಿಕ್ಕಬೋರಯ್ಯ ಬಟ್ಟಲು ಮುಚ್ಚಿಟ್ಟ. ಬೇರೆ ದಿನವಾಗಿದ್ದರೆ ಆ ಬೆನ್ನನ್ನು ನೋಡುತ್ತ ತಾನೂ ಸರಿಯಾಗಿ ಕೂರಲಾರದೆ ಇರುತ್ತಿದ್ದ. ಇವತ್ತು ಮಂಚದ ಮೇಲೆ ಕಾಲು ಚಾಚಿ, ಎರಡು ದಿಂಬು ಬೆನ್ನಿಗೆ ಕೊಟ್ಟುಕೊಂಡು, ಗಾಜಿನಾಚೆ ಕೆಂಪಾಗುತ್ತಿದ್ದ ನೀರನ್ನು ನೋಡಿದ. ಕಾಯುವವರಿಲ್ಲದಿದ್ದರೂ ಅದು ಇತ್ತು. ಯಾರೂ ಕದ್ದಿರಲಿಲ್ಲ. ಮುನಿದುಕೊಳ್ಳಲಿ, ಎಂದುಕೊಂಡ. ಸಮ ಸಮದವರ ಮೇಲೆ ತಾನೆ ಮನುಷ್ಯ ಮುನಿಯುವುದು. ಬೆಳಗಿನವರೆಗೆ ಒಂದೇ ನಿದ್ದೆ.

ಮಾರನೇ ದಿನ ಕಣ್ಣು ಬಿಟ್ಟಾಗ ಹಡಗು ಗೋವೆಯ ಕಟ್ಟೆಗೆ ಒರಗಿ ನಿಂತಿತ್ತು. ಇಲ್ಲಿ ದೋಣಿ ಬೇಕಿರಲಿಲ್ಲ, ಇಳಿಯಲು ಕಂಬಿಯಿದ್ದ ಅಗಲವಾದ ಮೆಟ್ಟಿಲು. ಒಂಬತ್ತು ಗಂಟೆಗೆ ರಘುನಂದನ ಟೋಪಿ ಹಾಕಿಕೊಂಡು ಕೋಣೆಯ ಬಾಗಿಲಿಗೆ ಬಂದ. ಹಿಂದೆ ದೀಪಿಕ.

"ಬೋರಣ್ಣ, ಇವತ್ತು ಬಿಸ್ಲು ಜಾಸ್ತಿ. ಬಸ್ಸಲ್ಲಿ ಸುತ್ಸುತಾರಂತೆ, ಅಪ್ಪಂಗೆ ಆಗಲ್ಲ. ನೀವು ಅಪ್ಪನ್ ಜೊತೆ ಇದ್ಬುಡಿ. ನಾವು ಬೇಗ ನೋಡ್ಕಂಡು ಬತ್ತೀವಿ."

ಆಗಲಿ ಎಂಬ ಮಾತು ಚಿಕ್ಕಬೋರಯ್ಯನ ನಾಲಗೆಯ ತುದಿಗೆ ಬಂದಿತ್ತು. ಅದು ಯಾವಾಗಲೂ ಅಲ್ಲೇ ಇರುವ ಮಾತು. ಅದನ್ನು ಅಲ್ಲೇ ಬಿಟ್ಟು, "ಇಲ್ಲಪ್ಪ ರಘು, ನಾನೂ ನೋಡ್ಬೇಕು," ಎಂದ.

ರಘುನಂದನ ಅಪ್ಪನ ಕಡೆ ನೋಡಿದ. ಗೌಡರು ಎದ್ದು ಕೂತಿದ್ದರು. ನಿನ್ನೆ ಸಂಜೆಯಿಂದ ಅವರು ಚಿಕ್ಕಬೋರಯ್ಯನ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗಲೂ ಅವನ ಕಡೆ ನೋಡದೆ, ಮಗನಿಗೆ ಹೇಳಿದರು: "ಓಗ್ಲಿ ಬುಡ್ಲಾ. ಬಚ್ಚಲು ನಾಕು ಎಜ್ಜೆ. ಗೋಡೆ ಇಡ್ಕಂಡು ಓಯ್ತೀನಿ."

"ಬಿದ್ರೆ ಏನ್ಮಾಡ್ತೀಯಪ್ಪ?"

"ಬಿದ್ರೆ ಏಳ್ತೀನಿ. ಅವ್ನೇನು ನನ್ ಆಳಾ? ಟಿಕೀಟು ಅವ್ನೆಸ್ರಲ್ಲೇ ಅದೆ."

ದೀಪಿಕ, "ನಾನಿರ್ತೀನಿ ತಾತನ ಜೊತೆ. ಗೋವಾ ಸ್ಕೂಲ್ ಟ್ರಿಪ್ಪಲ್ಲೇ ನೋಡಿದೀನಿ," ಎಂದು ಒಳಗೆ ಬಂದು ಕುರ್ಚಿ ಎಳೆದುಕೊಂಡಳು.

ಚಿಕ್ಕಬೋರಯ್ಯ ಅಂಗಿಯ ಗುಂಡಿ ಹಾಕಿಕೊಂಡ. ತಲೆ ಬಾಚಿಕೊಂಡ. ಬಾಗಿಲ ಬಳಿ ನಿಂತು, "ಏನಾದ್ರೂ ತರ್ಬೇಕಾ ಶಿವರಾಜು?" ಎಂದ. ಕೆರೆಯಲ್ಲಿ ಈಜುತ್ತಿದ್ದ ಕಾಲದ ಆ ಹೆಸರು ಹೊರಗೆ ಬಿದ್ದ ಮೇಲೆಯೇ ಅವನಿಗೆ ಕೇಳಿಸಿದ್ದು. ಗೌಡರು ಹುಬ್ಬು ಎತ್ತಿದರು. ರಘುನಂದನ ಟೋಪಿ ಸರಿ ಮಾಡಿಕೊಂಡ.

"ವೀಳ್ಯದೆಲೆ ಸಿಕ್ಕುದ್ರೆ ನೋಡು," ಎಂದರು ಗೌಡರು. "ವಣಗಿದ್ದ ತರ್ಬ್ಯಾಡ."

ಸೋಮವಾರ, ಒಂಬತ್ತೂವರೆಗೆ, ಚಿಕ್ಕಬೋರಯ್ಯ ಕಂಬಿ ಹಿಡಿಯದೆ ಮೆಟ್ಟಿಲಿಳಿದು ಗೋವೆ ನೋಡಲು ಹೋದ.